ಬಾವಿಯ ಕಡೆಯ ಗೋಡೆ

ಟೈಲ್ಸ್ ಎಂಬ ಶಬ್ದ ಕಿವಿಗೆ ಬಿದ್ದರೆ ನನಗೆ ಇವತ್ತಿಗೂ ಸುಸ್ತಾಗುತ್ತದೆ. ಬಾಣಂತನ, ಮಕ್ಕಳ ಜ್ವರ, ಗದ್ದೆ ಕೊಯ್ಲು ಎಲ್ಲವನ್ನೂ ಕಂಡಿದ್ದೇನೆ. ಆ ಸುಸ್ತು ಮಲಗಿ ಎದ್ದರೆ ಇಳಿಯುತ್ತಿತ್ತು. ಅರವತ್ತರ ದಶಕದಲ್ಲಿ ನಮ್ಮ ಕಟಪಾಡಿಯ ಮನೆಯ ಬಚ್ಚಲನ್ನು ಹೊಸದು ಮಾಡಲು ಹೊರಟಾಗ ಹಿಡಿದ ಸುಸ್ತು ಬೇರೆ ಜಾತಿಯದ್ದು. ನೆಲಕ್ಕೆ ಕಲ್ಲೋ ಕೆಂಪು ಸಿಮೆಂಟೋ, ಗೋಡೆಗೆ ಸುಣ್ಣವೋ ಟೈಲ್ಸೋ ಎಂದು ತಿಂಗಳುಗಟ್ಟಲೆ ವಾದಿಸಿದೆ. ಯಾವುದೂ ಹಿಡಿಸದ ಹೆಂಗಸು ಎಂದು ಹೆಸರು ಪಡೆದೆ. ನಿಜ ಹೇಳಬೇಕೆಂದರೆ ನನಗೆ ನೆಲ ಯಾವುದಾದರೂ ಆಗುತ್ತಿತ್ತು. ಬೇಕಾಗಿದ್ದದ್ದು ಒಂದು ಕಿಟಕಿ.

ನಮ್ಮದು ಕೊಂಕಣಿ ಮಾತಾಡುವ ಕ್ರೈಸ್ತ ಕುಟುಂಬ. ಮನೆಯೊಳಗೆ ಕೊಂಕಣಿ, ಮೇಸ್ತ್ರಿಯ ಹತ್ತಿರ ತುಳು. ಇಲ್ಲಿ ಎಲ್ಲವನ್ನೂ ಕನ್ನಡದಲ್ಲೇ ಬರೆಯುತ್ತಿದ್ದೇನೆ. ಐವತ್ತರ ದಶಕ ಮುಗಿಯುವ ಹೊತ್ತಿಗೆ ಮಾವ ತೀರಿಕೊಂಡರು, ನನ್ನ ಗಂಡ ಮತ್ತು ಅವರ ಅಣ್ಣ ಆಸ್ತಿ ಪಾಲು ಮಾಡಿಕೊಂಡರು. ಗದ್ದೆ, ತೆಂಗು, ಮನೆ ಎಲ್ಲ ಗಲಾಟೆಯಿಲ್ಲದೆ ಎರಡಾಯಿತು. ಜಗಳ ಹತ್ತಿದ್ದು ಬಚ್ಚಲಿನ ಹಂಡೆಯಲ್ಲಿ. ಮಾವನ ಕಾಲದ ತಾಮ್ರದ ಹಂಡೆ, ಒಲೆಯ ಮೇಲೆ ಕಟ್ಟಿ ಕೂರಿಸಿದ್ದು, ಇಡೀ ಮನೆ ಮಿಂದರೂ ಬಿಸಿನೀರು ಉಳಿಯುತ್ತಿತ್ತು. “ಬಚ್ಚಲು ನನ್ನ ಪಾಲಿಗೆ ಬಂದ ಮೇಲೆ ಹಂಡೆಯೂ ನನ್ನದೇ,” ಎಂದರು ಭಾವ, ಅಂದರೆ ಗಂಡನ ಅಣ್ಣ. “ಅಪ್ಪ ಅದನ್ನು ನನಗೆಂದು ಹೇಳಿದ್ದ,” ಎಂದರು ಇವರು. ಕಟ್ಟಿದ ಹಂಡೆಯನ್ನು ಕೀಳುವುದು ಹೇಗೆ, ಅರ್ಧ ಮಾಡುವುದು ಹೇಗೆ? ಹಂಡೆ ಇದ್ದಲ್ಲೇ ಉಳಿಯಿತು, ಮಾತು ನಿಂತಿತು.

ಅಂದಿನಿಂದ ಅಣ್ಣತಮ್ಮಂದಿರು ಒಬ್ಬರ ಮುಖ ಒಬ್ಬರು ನೋಡಲಿಲ್ಲ. ಇಗರ್ಜಿಯಲ್ಲಿ ಒಬ್ಬರು ಮುಂದಿನ ಸಾಲಿನಲ್ಲಿ ಮೊಣಕಾಲೂರಿದರೆ ಇನ್ನೊಬ್ಬರು ಬಾಗಿಲ ಹತ್ತಿರ. ಸಂಜೆ ನಡುಗೋಡೆಯ ಎರಡೂ ಕಡೆ ಜಪಸರ ನಡೆಯುತ್ತಿತ್ತು; ಪರರ ತಪ್ಪನ್ನು ಕ್ಷಮಿಸುವ ಮಾತು ಬಂದಾಗ ಇಬ್ಬರ ದನಿಯೂ ಜೋರಾಗುತ್ತಿತ್ತು. ದೇವರು ಕೇಳಿ ಸುಮ್ಮನಿದ್ದ. ಹೆಂಗಸರೂ ಆಚೆ ಮನೆಯ ಅಂಗಳ ತುಳಿಯಬಾರದು ಎಂದು ಎರಡೂ ಮನೆಗಳಲ್ಲಿ ಕಟ್ಟಪ್ಪಣೆಯಾಯಿತು. ಜಗಳ ಆಡದವರಿಗೂ ಅದರ ಪಾಲು ಬಂತು.

ಆದರೆ ಬಾವಿಯನ್ನು ಪಾಲು ಮಾಡಲು ಆಗಲಿಲ್ಲ. ಮನೆಯ ಹಿಂದಿನ ಆ ಬಾವಿಯ ಒಂದು ದಂಡೆಗೆ ಅಂಟಿಕೊಂಡು ಅವರ ಹಳೆಯ ಬಚ್ಚಲು, ಎದುರಿನ ದಂಡೆಗೆ ಅಂಟಿಕೊಂಡು ನಮ್ಮ ಭತ್ತ ಕುಟ್ಟುವ ಕೊಟ್ಟಿಗೆ. ಆ ಕೊಟ್ಟಿಗೆಯನ್ನೇ ನಾವು ಬಚ್ಚಲು ಮಾಡಿಕೊಂಡೆವು. ನಮ್ಮ ಕಡೆ ಎಷ್ಟೋ ಮನೆಗಳಲ್ಲಿ ಬಚ್ಚಲಿನ ಕಿಟಕಿ ಬಾವಿಗೇ ತೆರೆದುಕೊಂಡಿರುತ್ತದೆ. ಮಳೆಗಾಲದಲ್ಲಿ ನೆನೆಯದೆ ಒಳಗೆ ನಿಂತೇ ನೀರು ಸೇದಬಹುದು. ಅವರಿಗೊಂದು ಕಿಟಕಿ, ನಮಗೊಂದು ಕಿಟಕಿ, ಎರಡಕ್ಕೂ ಒಂದೊಂದು ರಾಟೆ, ನಡುವೆ ನೀರು. ಮೊದಲ ದಿನ ನಾನು ಕೊಡಪಾನ ಇಳಿಸುವಾಗ ಎದುರಿನ ಕಿಟಕಿಯಲ್ಲಿ ನನ್ನ ಓರಗಿತ್ತಿ, ಅಂದರೆ ಭಾವನ ಹೆಂಡತಿ, ಹಗ್ಗ ಹಿಡಿದು ನಿಂತಿದ್ದರು.

“ಅಂಗಳ ತುಳಿಯಬಾರದು ಅಂತ ಹೇಳಿದ್ದಲ್ವಾ, ಬಾಯೆ?” ಎಂದರು. “ಬಾವಿಗೆ ಅಂಗಳ ಎಲ್ಲುಂಟು?”

ಅಲ್ಲಿಂದ ಶುರುವಾಯಿತು. ನೀರು ಸೇದುವುದು ಹೆಂಗಸರ ಕೆಲಸ, ಗಂಡಸರು ಆ ಕಿಟಕಿಯ ಹತ್ತಿರ ಸುಳಿಯುತ್ತಿರಲಿಲ್ಲ. ಮೀಯುವ ಕಲ್ಲು ಇದ್ದದ್ದು ಬೇರೆ ಮೂಲೆಯಲ್ಲಿ. ನಾನು ಕಾರ್ಕಳದಿಂದ ಬಂದವಳು. ಅತ್ತೆ ನನಗೆ ಏನನ್ನಾದರೂ ಕಲಿಸುವ ಮೊದಲೇ ಹೋಗಿದ್ದರು. ಮಗುವಿನ ಹೊಟ್ಟೆನೋವಿಗೆ ಎಂತ ಕೊಡುವುದು, ಹಬ್ಬಕ್ಕೆ ಯಾವ ಹಿಟ್ಟು ಎಷ್ಟು ಹುಳಿ ಬರಬೇಕು, ಗಂಡ ಸಿಟ್ಟಾದಾಗ ಎಷ್ಟು ಹೊತ್ತು ಸುಮ್ಮನಿರಬೇಕು, ಎಲ್ಲ ಆ ಕಿಟಕಿಯಲ್ಲೇ ಕಲಿತದ್ದು. ಅಳುವುದಿದ್ದರೂ ಅಲ್ಲೇ. ಬಂಗುಡೆ ಮೀನು ಸಿಕ್ಕಿದ ದಿನ ಓರಗಿತ್ತಿ ಬಿಂಬುಳಿಯ ಹುಳಿಕಾಯಿ ಹಾಕಿ, ಅತ್ತೆ ಮಾಡುತ್ತಿದ್ದ ಹಾಗೆಯೇ ಸಾರು ಮಾಡುತ್ತಿದ್ದರು. ಅದನ್ನು ಮುಚ್ಚಳದ ತೂಕುಪಾತ್ರೆಗೆ ತುಂಬಿಸಿ, ಮಾವಿನಕಾಯಿ ಕೊಯ್ಯುವ ದೋಟಿಯ ಕೊಕ್ಕೆಗೆ ಸಿಕ್ಕಿಸಿ, ಬಾವಿಯ ಮೇಲಿಂದ ನನ್ನ ಕಡೆ ಚಾಚುತ್ತಿದ್ದರು. ಒಮ್ಮೆ ಕೊಕ್ಕೆ ಸಡಿಲವಾಗಿ ಸಾರು ಬಾವಿಗೆ ಬಿತ್ತು. ಅವತ್ತು ಎರಡೂ ಮನೆಯಲ್ಲಿ ನೀರಿಗೆ ಎಂತದೋ ವಾಸನೆ ಎಂದರು. ಕಪ್ಪೆ ಸತ್ತಿರಬೇಕು ಎಂದೆವು ನಾವಿಬ್ಬರೂ.

ಆಸ್ತಿ ಪಾಲಾದ ಮೇಲೆ ಇವರಿಗೆ ಮೀಯುವಾಗ ಹಾಡುವ ಅಭ್ಯಾಸ ಬಂದಿತ್ತು. ಸ್ವರವೂ ಇಲ್ಲ, ತಾಳವೂ ಇಲ್ಲ. ಜೊತೆಗೆ ಚೆಂಬನ್ನು ಬಾಲ್ದಿಗೆ ಬಡಿಯುವುದು ಬೇರೆ. ಮೊದಲು ಹೀಗಿರಲಿಲ್ಲ ಎಂದು ಓರಗಿತ್ತಿ ಹೇಳಿದರೂ ನಾನು ಅದನ್ನು ತಲೆಗೆ ಹಾಕಿಕೊಳ್ಳಲಿಲ್ಲ.

ಇವರು ಮಣಿಪಾಲದ ಒಂದು ಆಫೀಸಿನಲ್ಲಿ ಗುಮಾಸ್ತರಾಗಿದ್ದರು. ಆಗ ಆ ಗುಡ್ಡದ ಮೇಲೆ ಡಾಕ್ಟರುಗಳಿಗೆ ಹೊಸ ಹೊಸ ಮನೆ ಏಳುತ್ತಿದ್ದವು. ಅವುಗಳ ಬಚ್ಚಲು ನೋಡಿ ಬಂದು ಊಟದ ಹೊತ್ತಿಗೆ ವರ್ಣಿಸುತ್ತಿದ್ದರು. ನಮಗೆ ಕರೆಂಟು ಬಂದ ವರ್ಷ ಒಂದು ದಿನ ಗಂಜಿಗೆ ಕೂತಲ್ಲೇ ತೀರ್ಮಾನ ಹೊರಟಿತು: ಬಾವಿಗೆ ಪಂಪು, ಬಚ್ಚಲಿಗೆ ನಳ್ಳಿ, ಗೋಡೆಗೆ ನೆಲದಿಂದ ಮಾಡಿನವರೆಗೆ ಬಿಳಿ ಟೈಲ್ಸ್. “ಮತ್ತೆ ಆ ಕಿಟಕಿ ಯಾಕೆ? ಮುಚ್ಚಿಬಿಡುವ. ಬೆಳಕಿಗೆ ಮಾಡಿಗೆ ಗಾಜಿನ ಹಂಚು ಇಟ್ಟರಾಯಿತು,” ಎಂದರು. ಹಂಡೆ ಹೋದ ಹೊಟ್ಟೆಯುರಿಗೆ ಟೈಲ್ಸಿನ ಮುಲಾಮು ಎಂದು ಅರ್ಥ ಮಾಡಿಕೊಂಡೆ.

ಕಿಟಕಿ ಯಾಕೆ ಬೇಕೆಂದು ಹೇಳುವ ಹಾಗಿರಲಿಲ್ಲ. ಹೇಳಿದರೆ ಅವತ್ತೇ ಮುಚ್ಚುತ್ತಾರೆ, ಹೇಳದಿದ್ದರೆ ಟೈಲ್ಸಿನ ಜೊತೆ ಮುಚ್ಚುತ್ತಾರೆ. ಮಾರನೇ ಬೆಳಿಗ್ಗೆ ಓರಗಿತ್ತಿಗೆ ತಿಳಿಸಿದೆ. ಅವರು ಕೊಡಪಾನವನ್ನು ದಂಡೆಯ ಮೇಲಿಟ್ಟು ಯೋಚಿಸಿದರು.

“ಟೈಲ್ಸ್ ಬೇಡ ಅಂತ ಹೇಳಬೇಡ, ಬಾಯೆ. ಬೇಡ ಅಂದರೆ ನಾಳೆಯೇ ತರ್ತಾನೆ, ನಾನು ನೋಡದವನಾ ಅವನು? ಇದಕ್ಕಿಂತ ಒಳ್ಳೇದು ಬೇರೆ ಉಂಟು ಅಂತ ಹೇಳು. ಹೇಳ್ತಾ ಇರು.”

ಹೇಳುತ್ತಾ ಹೋದೆ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು ಎಂದು ಹೊರಟವರಿಗೆ ಕೊನೆಗೆ ಮುರಿಯುವುದು ಸೊಂಟ ಎಂದು ಆಗ ಗೊತ್ತಿರಲಿಲ್ಲ.

ಮೊದಲು ಇವರು ನನ್ನನ್ನು ಬನ್ನಂಜೆಯಲ್ಲಿದ್ದ ತಮ್ಮ ಮೇಲಧಿಕಾರಿಯ ಹೊಸ ಮನೆಗೆ ಕರೆದುಕೊಂಡು ಹೋದರು. ಮನೆಯ ಯಜಮಾನಿ ಕಾಫಿಗೆ ಮೊದಲೇ ಬಚ್ಚಲು ತೋರಿಸಿದರು. ನಾಲ್ಕೂ ಕಡೆ ಬಿಳಿ. ನನಗೆ ಆಸ್ಪತ್ರೆಯಲ್ಲಿ ನಿಂತ ಹಾಗಾಯಿತು. ಕಿಟಕಿ ಇಲ್ಲ, ಮೇಲೆ ಕೈಯಗಲದ ಒಂದು ಕಂಡಿ. ಆಕೆ ಬಾಗಿಲು ಹಾಕಿ, “ನೋಡಿ, ಹೊರಗಿನ ಒಂದು ಶಬ್ದ ಕೇಳುವುದಿಲ್ಲ,” ಎಂದರು. ಅಯ್ಯೋ ಪಾಪ ಎಂದುಕೊಂಡೆ ನಾನು. ಇವರು ಮಾತ್ರ ಗೋಡೆಗೆ ಕಿವಿಗೊಟ್ಟು ನಿಂತು, “ಹೌದು, ಎಂತದೂ ಕೇಳುವುದಿಲ್ಲ,” ಎಂದರು. ಬಸ್ಸಿನಲ್ಲಿ ಬರುವಾಗ ಮತ್ತೊಮ್ಮೆ ಅದನ್ನೇ ಹೇಳಿದರು.

ಆಮೇಲೆ ಉಡುಪಿಯ ಅಂಗಡಿ. ಅಲ್ಲಿಯವನು ಮೇಜಿನ ಮೇಲೆ ಒಂದೊಂದಾಗಿ ಟೈಲ್ಸ್ ಇಟ್ಟ. ಹಾಲಿನ ಬಿಳಿ, ದಂತದ ಬಿಳಿ, ಅಂಚಿಗೆ ಕಪ್ಪು ಪಟ್ಟಿಯಿದ್ದ ಬಿಳಿ. ಬಿಳಿಯಲ್ಲಿ ಅಷ್ಟು ಬಿಳಿ ಉಂಟೆಂದು ಅಲ್ಲಿಯವರೆಗೆ ನನಗೆ ತಿಳಿದಿರಲಿಲ್ಲ. ಒಂದನ್ನು ಎತ್ತಿ ನೋಡಿ ಇನ್ನೊಂದು ಚಂದ ಎಂದೆ, ಅದನ್ನು ಎತ್ತಿಕೊಟ್ಟರೆ ಮೊದಲಿನದ್ದೇ ವಾಸಿ ಎಂದೆ. “ಬಾವಿಯ ಕಡೆಯ ಗೋಡೆ ಕೆಂಪು ಮುರಕಲ್ಲಿನದ್ದು, ವರ್ಷವಿಡೀ ಪಸೆ. ಅದರ ಮೇಲೆ ಟೈಲ್ಸ್ ನಿಲ್ತದಾ?” ಎಂದು ಕೇಳಿದೆ. ನಿಲ್ಲುತ್ತದೆ ಎಂದ. ಮಾರುವವನು ಇನ್ನೆಂತ ಹೇಳಿಯಾನು? ಇವರು ಹಾ ಎಂದು ತಲೆಯಾಡಿಸಿದರು. ನಾವು ಎರಡು ಸಲ ಬರಿಗೈಯಲ್ಲಿ ಹಿಂತಿರುಗಿದೆವು. ಮೂರನೆಯ ಸಲ ಇವರು ನನ್ನನ್ನು ಮನೆಯಲ್ಲೇ ಬಿಟ್ಟು ಹೋಗಿ ಹಾಲಿನ ಬಿಳಿ ತಂದರು.

ಹಾಗಾದರೆ ನೆಲಕ್ಕೆ ಕಾರ್ಕಳದ ಕಪ್ಪು ಕಲ್ಲೇ ಆಗಬೇಕು ಎಂದು ಹಟ ಹಿಡಿದೆ. ಕಲ್ಲಿನ ಮೇಲೆ ನನಗೇನೂ ಮೋಹವಿರಲಿಲ್ಲ. ಚಪ್ಪಡಿ ಕಡಿದು ಬರಲು ತಡವಾಗುತ್ತದೆ, ಅಷ್ಟು ದಿನ ಕಿಟಕಿ ಉಳಿಯುತ್ತದೆ ಎನ್ನುವುದೇ ಹಂಚಿಕೆ. ತವರಿಗೆ ಹೋಗಿ ಕಲ್ಲುಕುಟಿಗರ ಮುಂದೆ ಬಿಸಿಲಲ್ಲಿ ನಿಂತು, ನುಣುಪು ಮಾಡಿದ್ದು ಬೇಡ, ಎಣ್ಣೆ ಹಚ್ಚಿ ಮೀಯುವ ಮನೆ, ಉಳಿ ಹೊಡೆದು ಒರಟು ಬಿಟ್ಟದ್ದೇ ಬೇಕು ಎಂದು ಬೇಕಾದಷ್ಟು ತಕರಾರು ತೆಗೆದೆ. ತಂಗಿಯ ಮನೆಯ ಕೆಲಸ ನಿಲ್ಲಬಾರದೆಂದು ನನ್ನ ಅಣ್ಣ ತಾನೇ ಓಡಾಡಿ ಲಾರಿ ಹುಡುಕಿದ. ನಾನು ಮನೆ ಮುಟ್ಟಿ ಸೆರಗು ಕೊಡವುವಷ್ಟರಲ್ಲಿ ಕಲ್ಲು ಅಂಗಳದಲ್ಲಿತ್ತು. ಉಪಕಾರ ಮಾಡುವವರಿಂದ ದೇವರೇ ಕಾಪಾಡಬೇಕು.

ಕೊನೆಯ ಅಸ್ತ್ರ ಸುಣ್ಣ. ಕಾಪುವಿನ ಕಡೆ ಕಡಲ ಚಿಪ್ಪು ಸುಟ್ಟು ಸುಣ್ಣ ಮಾಡುವವರಿದ್ದರು. ಬಾವಿಯ ಕಡೆಯ ಗೋಡೆಗೆ ಮಾತ್ರ ಆ ಸುಣ್ಣ ಬಳಿಯುವ, ಪಸೆ ಹೀರುತ್ತದೆ, ಆದರೆ ಸುಣ್ಣಕ್ಕೆ ಗಾಳಿ ಬೇಕು, ಗಾಳಿಗೆ ಕಿಟಕಿ ಬೇಕು ಎಂದು ಮಂಡಿಸಿದೆ. ಬಸ್ಸಿಳಿದು, ಕಡಲ ದಂಡೆಯ ಸುಡುವ ಹೊಯಿಗೆಯಲ್ಲಿ ನಡೆದು, ಗೂಡಿನ ಹೊಗೆ ಕುಡಿದು, ಒಂದು ಗೋಣಿ ಸುಣ್ಣಕ್ಕೆ ಹೇಳಿ ಬಂದೆ. ಬರುವಾಗ ಬಸ್ಸು ತಪ್ಪಿತು. ಕಣ್ಣು ಉರಿಯುತ್ತಿತ್ತು, ಕಾಲು ಊದಿತ್ತು. ಇವರು ಕೇಳಿ ನಕ್ಕರು: “ಮೂರು ಗೋಡೆಗೆ ಟೈಲ್ಸ್, ಒಂದಕ್ಕೆ ಸುಣ್ಣವಾ? ಮೇಲೆ ಕೋಟು, ಕೆಳಗೆ ಕೋಮಣ ಕಟ್ಟಿದ ಹಾಗೆ.”

ಸುಣ್ಣ ಬಂದು ಮೂಲೆಯಲ್ಲಿ ಕೂತಿತು. ಮೇಸ್ತ್ರಿ ಬಂದು ಕೆಲಸ ಹಿಡಿದ. ಪಂಪು ಕೂತಿತು, ನಳ್ಳಿ ಬಂತು, ನೆಲಕ್ಕೆ ಕಲ್ಲು ಹಾಸಿದ್ದಾಯಿತು, ಮೂರು ಗೋಡೆ ಬಿಳಿಯಾಯಿತು. ಒಂದು ಸಂಜೆ ಕೈ ತೊಳೆಯುತ್ತಾ, “ಬಾಯಮ್ಮ, ನಾಳೆ ಕಿಟಕಿ ಕಿತ್ತು ಕಲ್ಲು ತುಂಬಿಸುವುದಲ್ವಾ?” ಎಂದು ಕೇಳಿದ. ನನ್ನ ಹತ್ತಿರ ನೆಪ ಒಂದೂ ಉಳಿದಿರಲಿಲ್ಲ. ಹುಡುಕಲು ಶಕ್ತಿಯೂ ಇರಲಿಲ್ಲ.

ಜಪಸರ ಮುಗಿದ ಮೇಲೆ ಇವರ ಎದುರು ಕೂತು, “ನಾಳೆ ಕಿಟಕಿ ಮುಚ್ಚುವುದು ಬೇಡ,” ಎಂದೆ.

“ಇನ್ನೆಂತ? ಪಸೆಯಾ, ಸುಣ್ಣವಾ, ಗಾಳಿಯಾ?”

“ಯಾವುದೂ ಅಲ್ಲ. ಆ ಕಿಟಕಿಯಲ್ಲಿ ನಾನು ಅಕ್ಕನ ಹತ್ತಿರ ಮಾತಾಡ್ತೇನೆ. ದಿನಾ ಮಾತಾಡ್ತೇನೆ. ಅದು ಹೋದರೆ ಈ ಊರಲ್ಲಿ ನನಗೆ ಯಾರೂ ಇಲ್ಲ.”

ಬೈಗುಳಕ್ಕೆ ಕಾದೆ. ಇವರು ಎದ್ದು ಜಪಸರವನ್ನು ಮೊಳೆಗೆ ತೂಗುಹಾಕಿ ಬಂದರು. “ಗೊತ್ತುಂಟು,” ಎಂದರು.

“ಎಂತ ಗೊತ್ತುಂಟು?”

“ಬಿಂಬುಳಿ ಹಾಕಿದ ಬಂಗುಡೆ ಸಾರು ನೀನು ಮಾಡುವುದಾ? ನಮ್ಮಲ್ಲಿ ಬಿಂಬುಳಿ ಮರ ಎಲ್ಲುಂಟು? ಅದು ಅವನ ಪಾಲಿಗೆ ಹೋಗಿದೆಯಲ್ಲ. ಅಮ್ಮನ ಸಾರು ನನಗೆ ಗೊತ್ತಾಗುವುದಿಲ್ವಾ?”

ಅಷ್ಟು ವರ್ಷ ಆ ಸಾರಿಗೆ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡು, ತುಟಿ ಪಿಟಕ್ಕೆನ್ನದೆ ಉಂಡ ಮನುಷ್ಯ! ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಸಿಟ್ಟೇ ಬಂತು. “ಮತ್ತೆ ಯಾಕೆ ಮುಚ್ಚುವುದು? ನನ್ನನ್ನು ಊರೂರು ಅಲೆಸಿದ್ದು ಯಾಕೆ?” ಎಂದೆ.

ಇವರು ಬಾವಿಯ ಕಡೆ ಕೈ ತೋರಿಸಿದರು. “ಬೆಳಿಗ್ಗೆ ಅವನು ಮೀಯುವಾಗ ಕೆಮ್ಮುತ್ತಾನೆ,” ಎಂದರು. “ಅಪ್ಪನದ್ದೇ ಕೆಮ್ಮು, ಹಾಗೆಯೇ ಎಳೆದು ಎಳೆದು. ಸಣ್ಣವರಿದ್ದಾಗ ಇಬ್ಬರನ್ನೂ ಒಂದೇ ಕಲ್ಲಿನ ಮೇಲೆ ಕೂರಿಸಿ ಅಪ್ಪ ಕೆಮ್ಮುತ್ತಾ ನೀರು ಹೊಯ್ಯುತ್ತಿದ್ದ. ಅದು ಕೇಳಿದರೆ ನನಗೆ ಮೈಗೆ ನೀರು ಹಾಕಲಿಕ್ಕೆ ಕೈ ಏಳುವುದಿಲ್ಲ. ಹಾಡಿದರೂ ಕೇಳುತ್ತದೆ, ಚೆಂಬು ಬಡಿದರೂ ಕೇಳುತ್ತದೆ.”

ಟೈಲ್ಸ್ ಹಂಡೆಯ ಹೊಟ್ಟೆಯುರಿಗಲ್ಲ, ಕೆಮ್ಮಿಗೆ ಎಂದು ಅವತ್ತು ತಿಳಿಯಿತು. ನನಗೆ ಇವರ ಮೇಲೆ ಕನಿಕರ ಹುಟ್ಟಿತು, ಹಾಗೆಂದು ಕಿಟಕಿ ಬಿಟ್ಟುಕೊಡುವಷ್ಟಲ್ಲ. ಕೊನೆಗೆ ಒಂದು ರಾಜಿಗೆ ಬಂದೆವು. ಕಿಟಕಿಗೆ ದಪ್ಪ ಹಲಗೆಯ ಬಾಗಿಲು ಮಾಡಿಸುವುದು. ಇವರು ಮೀಯುವಾಗ ಹಾಕುವುದು, ನಾನು ಸೇದುವಾಗ ತೆಗೆಯುವುದು. “ಆಗಲೂ ಕೇಳಿಸಿದರೆ ಕ್ರಿಸ್ಮಸ್ ಕಳೆದ ಮೇಲೆ ಕಲ್ಲು ತುಂಬಿಸುವುದೇ,” ಎಂದರು. ಆಚಾರಿಗೆ ಹೇಳಿ ಕಳಿಸಿದೆವು. ಅವನು ಇವತ್ತು ನಾಳೆ ಎನ್ನುತ್ತಾ ದಿನ ತಳ್ಳಿದ, ಕಿಟಕಿ ತೆರೆದೇ ಇತ್ತು.

ಮರುದಿನ ಇದನ್ನೆಲ್ಲ ಓರಗಿತ್ತಿಗೆ ಹೇಳಿದೆ. ನಗುತ್ತಾರೆ ಎಂದುಕೊಂಡಿದ್ದೆ. ಅವರು ನಗಲಿಲ್ಲ. “ಹೌದಾ,” ಎಂದು ಕೊಡಪಾನ ಎತ್ತಿಕೊಂಡು ಒಳಗೆ ಹೋದರು.

ಅದರ ಮರುದಿನದಿಂದ ಕೆಮ್ಮು ನಿಂತಿತು. ಇವರು ಬಚ್ಚಲಿಗೆ ಹೋಗಿ ಎಂದಿನಂತೆ ಹಾಡು ತೆಗೆದವರು ನಡುವೆ ನಿಲ್ಲಿಸಿದರು. ಮಾರನೇ ದಿನ ಹಾಡೇ ಇಲ್ಲ. ಒಳಗೆ ನೀರಿನ ಸದ್ದೂ ಇಲ್ಲದೆ ಸುಮ್ಮನೆ ನಿಂತಿರುತ್ತಿದ್ದರು. ಹೊರಗೆ ಬಂದಾಗ ಕಿವಿಯ ಹಿಂದೆ ಸಾಬೂನು ಹಾಗೆಯೇ ಉಳಿದಿರುತ್ತಿತ್ತು. ಕೆಲವು ದಿನ ತಡೆದುಕೊಂಡರು. ಆಮೇಲೆ ಅಂಗಿಯ ಗುಂಡಿ ಹಾಕುತ್ತಾ, ಗೋಡೆಯ ಹತ್ತಿರ ಕೇಳುವವರಂತೆ, “ಆಚೆ ಮನೆಯಲ್ಲಿ ಯಾರಿಗಾದರೂ ಹುಷಾರಿಲ್ವಾ?” ಎಂದರು.

ನಾನು ಓರಗಿತ್ತಿಯನ್ನು ಕೇಳಿದೆ. ಅವರು ಮೊದಲು ಹಿಂದೆ ತಿರುಗಿ ನೋಡಿಕೊಂಡರು.

“ನೀನು ಹೇಳಿದ್ದನ್ನು ನಾನು ಅವರ ಕಿವಿಗೆ ಹಾಕಿದೆ. ಅಂದಿನಿಂದ ಹಂಡೆಯಿಂದ ಬಾಲ್ದಿಗೆ ನೀರು ತುಂಬಿಸಿಕೊಂಡು ಅಂಗಳದಾಚೆ ತೆಂಗಿನ ಬುಡಕ್ಕೆ ಹೋಗ್ತಾರೆ, ಬಾಯೆ. ಅಲ್ಲೇ ಮೀಯುವುದು. ತಮ್ಮನ ಕಿವಿಗೆ ಕೆಮ್ಮು ಬೀಳುವುದು ಬೇಡ, ಕಿಟಕಿ ಉಳಿಯಲಿ, ನಿಮಗಿಬ್ಬರಿಗೆ ಬೇಕಲ್ವಾ ಅಂತ ಹೇಳಿದರು. ಈ ಮೂಡುಗಾಳಿಗೆ ಕೆಮ್ಮು ಇನ್ನೂ ಹೆಚ್ಚಾಗಿದೆ.”

“ಭಾವನಿಗೂ ಗೊತ್ತುಂಟಾ ನಾವು ಮಾತಾಡುವುದು?”

“ಗೊತ್ತಿಲ್ಲದೆ? ಸಾರು ಬಾವಿಗೆ ಬಿದ್ದ ಮೇಲೆ ದೋಟಿಯ ಕೊಕ್ಕೆ ಬಿಗಿ ಮಾಡಿ ಕೊಟ್ಟದ್ದು ಯಾರು ಅಂತ ಮಾಡಿದ್ದೀ?”

ನಾನು ಬಾವಿಯ ದಂಡೆ ಹಿಡಿದು ನಿಂತೆ. ಕಪ್ಪೆ ಸತ್ತಿದೆ ಎಂದು ನಾವು ಹೇಳಿದಾಗ ತಲೆಯಾಡಿಸಿದ ಗಂಡಸರು ಇವರು. ಯಾವ ಹಂಡೆಗಾಗಿ ಒಡಹುಟ್ಟಿದವನ ಮಾತು ಬಿಟ್ಟರೋ ಆ ಹಂಡೆಯ ನೀರನ್ನು ಹೊತ್ತುಕೊಂಡು ಹೋಗಿ ಭಾವ ಚಳಿಯಲ್ಲಿ ಬಯಲಿನಲ್ಲಿ ಮೀಯುತ್ತಿದ್ದರು. ನನಗೆ ಅಳು ಬಂತು, ಅಲ್ಲೇ ಅತ್ತೆ.

ಇವರಿಗೆ ಕಾಫಿ ಕೊಡುವಾಗ ಕೇಳಿದ್ದನ್ನು ಕೇಳಿದ ಹಾಗೆಯೇ ಹೇಳಿದೆ. ಲೋಟ ಕೆಳಗಿಟ್ಟು, ಕುಡಿಯದೆ ಆಫೀಸಿಗೆ ಹೋದರು. ಮರುದಿನ ಬೆಳಿಗ್ಗೆ ಹೆಗಲಿಗೆ ಬೈರಾಸು ಹಾಕಿಕೊಂಡು ಬಚ್ಚಲಿಗೆ ಹೋದವರು ನೆಟ್ಟಗೆ ಕಿಟಕಿಯ ಮುಂದೆ ನಿಂತರು. ಆಚೆ ನೀರು ಸೇದುತ್ತಿದ್ದ ಓರಗಿತ್ತಿ ಇವರನ್ನು ಕಂಡು ಹಗ್ಗ ಬಿಟ್ಟುಬಿಟ್ಟರು. ಕೊಡಪಾನ ದಡಾರನೆ ನೀರಿಗೆ ಬಿತ್ತು.

“ಅತ್ತಿಗೆ,” ಎಂದರು ಇವರು. ಕಿಟಕಿಯಿಂದ ಬಾಗಿ ಇನ್ನೊಮ್ಮೆ ಹೇಳಿದರು. “ಅತ್ತಿಗೆ, ಅವನಿಗೆ ಒಳಗೆ ಮೀಯಲಿಕ್ಕೆ ಹೇಳಿ. ಅಷ್ಟು ದೊಡ್ಡ ಹಂಡೆ ಇಟ್ಟುಕೊಂಡು ಅಂಗಳದಲ್ಲಿ ಮೀಯುವುದಾ?”

ಅಷ್ಟು ವರ್ಷಕ್ಕೊಮ್ಮೆ ಆಡಿದ ಮಾತಿನಲ್ಲೂ ಹಂಡೆಯನ್ನು ಬಿಡಲಿಲ್ಲ ನೋಡಿ.

ಮಾರನೇ ಬೆಳಿಗ್ಗೆ ನಾನು ಒಲೆಯ ಮುಂದೆ ಇದ್ದೆ. ಆಚೆ ಬಚ್ಚಲಿನ ಬಾಗಿಲು ಕಿರುಗುಟ್ಟಿತು. ನೀರು ಮೊಗೆಯುವ ಸದ್ದು, ಆಮೇಲೆ ಕೆಮ್ಮು, ಎಳೆದು ಎಳೆದು. ಈ ಕಡೆ ಇವರು ಹಾಡಲಿಲ್ಲ, ಚೆಂಬು ಬಡಿಯಲಿಲ್ಲ. ಸ್ವಲ್ಪ ತಡೆದು ಒಮ್ಮೆ ಕೆಮ್ಮಿದರು. ಇವರಿಗೆ ಕೆಮ್ಮೂ ಇಲ್ಲ, ನೆಗಡಿಯೂ ಇಲ್ಲ. ಆಚೆ ಕಡೆ ಎಲ್ಲ ನಿಶ್ಶಬ್ದವಾಯಿತು. ಬಳಿಕ ಅಲ್ಲಿಂದಲೂ ಒಂದು ಸಣ್ಣ ಕೆಮ್ಮು ಬಂತು, ಬೇಕೆಂದೇ ಕೆಮ್ಮಿದ್ದು.

ಆಮೇಲೆ ಅವರು ಮಾತಾಡಿದರು, ಅಪ್ಪಿಕೊಂಡರು, ಒಂದೇ ಬೆಂಚಿನಲ್ಲಿ ಕೂತರು ಎಂದು ಬರೆಯಲು ನನಗೂ ಆಸೆ. ಹಾಗೇನೂ ಆಗಲಿಲ್ಲ. ಹಟ ತಾಮ್ರಕ್ಕಿಂತ ಗಟ್ಟಿ. ಬೆಳಿಗ್ಗೆ ಆಚೆಯಿಂದ ಒಂದು ಕೆಮ್ಮು, ಈಚೆಯಿಂದ ಒಂದು ಕೆಮ್ಮು, ಅವರ ಮಾತುಕತೆ ಅಷ್ಟೇ. ಬಾವಿಯ ಕಡೆಯ ಗೋಡೆಗೆ ಮೇಸ್ತ್ರಿ ಕಾಪುವಿನ ಸುಣ್ಣವನ್ನೇ ಬಳಿದ. ಉಳಿದ ಟೈಲ್ಸ್ ಅಟ್ಟದ ಮೇಲೆ ಗೋಣಿಯಲ್ಲಿ ಉಳಿಯಿತು. ಕೋಟಿನ ಕೆಳಗೆ ಕೋಮಣ ಎಂದು ಮತ್ತೆ ಯಾರೂ ನಗಲಿಲ್ಲ.

ಎಲ್ಲ ಮುಗಿದ ಮೇಲೆ ಆಚಾರಿ ಹಲಸಿನ ಹಲಗೆಯ ಬಾಗಿಲು ಹೊತ್ತುಕೊಂಡು ಬಂದ. ಕಿಟಕಿಗೆ ಕೂರಿಸಿ, “ಬಾಯಮ್ಮ, ಇದಕ್ಕೆ ಎಂತ ಬಣ್ಣ? ಹಸಿರಾ, ನೀಲಿಯಾ?” ಎಂದು ಕೇಳಿದ. ಬಣ್ಣ, ಕಲ್ಲು, ಸುಣ್ಣ ಎಂದು ಇನ್ನು ಒಬ್ಬನೇ ಒಬ್ಬ ನನ್ನನ್ನು ಕೇಳಿದರೆ ಅಲ್ಲೇ ಕೂತುಬಿಡುತ್ತೇನೆ ಅನ್ನಿಸಿತು. ಇವರು ಬಾಗಿಲನ್ನು ಪೂರ್ತಿ ತೆರೆದು ಗೋಡೆಗೆ ಒರಗಿಸಿ, ಅಲುಗದ ಹಾಗೆ ಸಂದಿಗೆ ಒಂದು ಟೈಲ್ಸಿನ ಚೂರು ಸಿಕ್ಕಿಸಿದರು.

“ಬಣ್ಣ ಬೇಡ,” ಎಂದರು. “ಹಾಕದ ಬಾಗಿಲಿಗೆ ಬಣ್ಣ ಯಾಕೆ?”

ನಳ್ಳಿ ತಿರುಗಿಸಿದರೆ ನೀರು ಬರುತ್ತಿತ್ತು. ನಾನು ಕೊಡಪಾನ ಎತ್ತಿಕೊಂಡು ಕಿಟಕಿಗೆ ಹೋದೆ. ಯಾಕೆಂದು ಯಾರೂ ಕೇಳಲಿಲ್ಲ.